ಬೇಸಿಗೆಯಲ್ಲಿ ಹೊದ್ದ ಕಂಬಳಿ

"ಗುರುಗಳೇ, ನನ್ನಿಂದ ಏನು ತಪ್ಪಾಯಿತು?"

ಈ ಒಂದು ಪ್ರಶ್ನೆ ಕೇಳಲು ಅಡವಯ್ಯ ಮೂರು ತಿಂಗಳು ಕಾದಿದ್ದ. ಮರುದಿನ ಬೆಳಗ್ಗೆ ಅವನು ಈ ಮಠ ಬಿಟ್ಟು, ನಾಲ್ಕು ಹಗಲಿನ ಹಾದಿಯಾಚೆ ಇದ್ದ ದೊಡ್ಡ ಮಠವೊಂದಕ್ಕೆ ಸೇವೆಗೆ ಹೋಗಬೇಕಾಗಿತ್ತು. ಈಗ ಕೇಳದಿದ್ದರೆ ಮತ್ತೆ ಕೇಳುವ ಹೊತ್ತು ಬರುವುದಿಲ್ಲ. ಅದಕ್ಕೇ ಧೈರ್ಯ ಮಾಡಿ ಕೇಳಿಬಿಟ್ಟ.

ಗುರುಗಳು ಅಂಗಳದಲ್ಲಿ ಕೂತು ಮೊರದಲ್ಲಿದ್ದ ತೊಗರಿಬೇಳೆಯಿಂದ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

ನಡೆಯಲೂ ಬಾರದ ಕೂಸಾಗಿದ್ದಾಗ ಅಡವಯ್ಯನನ್ನು ಯಾರೋ ಈ ಮಠದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಎತ್ತಿ ಒಳಗೆ ತಂದವರು ಇದೇ ಗುರುಗಳು. ತುತ್ತು ಮಾಡಿ ಉಣಿಸಿದವರೂ ಅವರೇ, ಕೈ ಹಿಡಿದು ಅಕ್ಷರ ತಿದ್ದಿಸಿದವರೂ ಅವರೇ. ಹಾಗಾಗಿ ಅಡವಯ್ಯನಿಗೆ ಕಾವಿ ಎಂದರೆ ತಾಯಿಯ ಸೆರಗು. ದಾರಿಯಲ್ಲಿ ಯಾವ ಕಾವಿ ಕಂಡರೂ ಓಡಿ ಹೋಗಿ ಕಾಲಿಗೆ ಬೀಳುತ್ತಿದ್ದ. ಮೂರು ತಿಂಗಳ ಹಿಂದೆ ಕಾವಿ ಉಟ್ಟ ಪೋಕರಿಯೊಬ್ಬ ಇವನ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸಿಕೊಂಡು ಹೋದ. ಇವನು ಲಂಗೋಟಿಯಲ್ಲಿ ನಗುನಗುತ್ತ ಮಠಕ್ಕೆ ಬಂದ, ದೊಡ್ಡವರ ಸೇವೆ ಮಾಡಿ ಬಂದೆ ಎಂದ. ಮಠದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಗಳು ನಗಲಿಲ್ಲ.

ಆ ದಿನದಿಂದ ಗುರುಗಳು ಬದಲಾದರು. ಇವನು ತುಂಬಿ ತಂದ ನೀರನ್ನು ಮುಟ್ಟಲಿಲ್ಲ. ಪಂಕ್ತಿಯಲ್ಲಿ ಎಲ್ಲರ ಎದುರು ಬೈದರು. ಕಾಲು ಮುಟ್ಟಲು ಬಾಗಿದರೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅಡವಯ್ಯ ಸೊರಗಿ ಹೋದ.

"ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ. ಇಲ್ಲದಿದ್ದರೆ ಒಂದು ಒಳ್ಳೆಯ ಮಾತು ಆಡಿ ಕಳಿಸಿ. ಅಷ್ಟು ಸಾಕು," ಎಂದ.

ಗುರುಗಳು ಒಂದು ಕಲ್ಲನ್ನು ಆರಿಸಿ ಎಸೆದರು. ಆಮೇಲೆ ಮೊರವನ್ನು ಬದಿಗಿಟ್ಟರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಊರ ಕೊನೆಯ ಮನೆ ಅವನದು. ಅದರಾಚೆಗೆ ಬರೀ ಬಯಲು. ಕುರಿಯ ಉಣ್ಣೆ ತಂದು ನೂಲುವುದು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುವುದು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು, ಇದು ಅವನ ಕಸುಬು. ಆ ಗಂಜಿಯ ವಾಸನೆ ಅವನ ಮೈಗೂ ಹತ್ತಿತ್ತು, ಅವನ ಪ್ರತಿಯೊಂದು ಕಂಬಳಿಗೂ ಹತ್ತಿತ್ತು. ಸುತ್ತಲ ಹತ್ತು ಹಳ್ಳಿಗಳಲ್ಲಿ ಚಳಿಗಾಲ ಬಂತೆಂದರೆ ಯಾರ ಬೆನ್ನ ಮೇಲೆ ನೋಡಿದರೂ ಅವನ ಕಂಬಳಿಯೇ.

ಕಸುಬಲ್ಲದ ಇನ್ನೊಂದು ಕೆಲಸವೂ ಅವನಿಗೆ ಅಂಟಿಕೊಂಡಿತ್ತು. ಉರುಲಿಗೆ ಸಿಕ್ಕು ಕಾಲು ಮುರಿದ ಮೊಲ, ರೆಕ್ಕೆ ಹರಿದ ಕೌಜುಗ, ತಾಯಿ ಸತ್ತ ನರಿಮರಿ, ಇಂಥವನ್ನು ಜನ ತಂದು ಅವನ ಬಾಗಿಲಲ್ಲಿ ಇಳಿಸುತ್ತಿದ್ದರು. ಅವನ ಕೈಗುಣ ಒಳ್ಳೆಯದು. ಮುರಿದ ಮೂಳೆಗೆ ಬಿದಿರ ಸೀಳು ಇಟ್ಟು ಉಣ್ಣೆಯ ನೂಲಿನಿಂದ ಕಟ್ಟಿದರೆ ಅದು ಕೂಡಿಕೊಳ್ಳುತ್ತಿತ್ತು. ಗುಣವಾದ ಮೇಲೆ ಅವನ್ನು ಬಯಲಿಗೆ ಬಿಡುತ್ತಿದ್ದ.

ಈ ವಿದ್ಯೆ ಅವನಿಗೆ ಕಲಿಸಿದವಳು ಒಬ್ಬ ಕುರುಬರ ಮುದುಕಿ. ಕಲಿಸುವಾಗ ಒಂದು ಕಟ್ಟಳೆಯನ್ನೂ ಹೇಳಿದ್ದಳು. ಉಣಿಸಿದ ಕೈಯೇ ಬಾರಿಸಬೇಕು. ಬಿಡುವ ಮುಂಚೆ ಒಂದು ತಿಂಗಳು, ದಿನಕ್ಕೊಮ್ಮೆ, ಯಾರು ಅನ್ನ ಹಾಕಿದರೋ ಅವರೇ ಹುಣಸೆ ಬರಲು ಹಿಡಿದು ಅದನ್ನು ಹೊಡೆದು ಅಟ್ಟಬೇಕು. ಅದು ಅವರ ಮುಖ ಕಂಡರೆ ಓಡಬೇಕು.

"ನಿನ್ನ ನೋಡಿ ಓಡಿದ್ರ ಎಲ್ಲಾರನ್ನೂ ನೋಡಿ ಓಡತೈತಿ," ಎಂದಿದ್ದಳು ಮುದುಕಿ. "ನೀ ಹೊಡದ್ರ ಅದಕ್ಕ ಒಂದ ತಿಂಗಳ ನೋವು. ನೀ ಹೊಡೀಲಿಲ್ಲಂದ್ರ ಮಂದಿ ಹೊಡೀತಾರ. ಅದು ಅದರ ಕಡೀ ದಿನ."

ಅವನು ಹಾಗೆಯೇ ಮಾಡುತ್ತ ಬಂದ. ಮೊಲವನ್ನು ಹೊಡೆದ, ನರಿಮರಿಯನ್ನು ಹೊಡೆದ. ಬಿಟ್ಟ ದಿನ ಅವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದವು. ಒಂದೇ ಒಂದು ತಿರುಗಿ ನೋಡಲಿಲ್ಲ.

ಇದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ರಾತ್ರಿ ಹಗಲು ಕೂತು ಹಾಲು ಕುಡಿಸಿದೆ, ಹೇಲು ಬಳಿದೆ, ಹುಳು ಬಿದ್ದ ಗಾಯ ತೊಳೆದೆ. ಒಂದಾದರೂ ಒಮ್ಮೆ ಹಿಂತಿರುಗಿ ನೋಡಬಾರದೇ ಎಂದು ಮಗ್ಗದಲ್ಲಿ ಕೂತು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ. ನಗಬೇಡ ಅಡವಯ್ಯ. ಉಪಕಾರ ಮಾಡುವವನಿಗೆ ಹಸಿವಿಲ್ಲ ಎಂದು ತಿಳಿದಿದ್ದೀಯಾ? ಉಣ್ಣುವವನದು ಹೊಟ್ಟೆಯ ಹಸಿವು, ಒಂದು ತುತ್ತಿಗೆ ಅಡಗುತ್ತದೆ. ಉಣಿಸುವವನದು ಅಷ್ಟು ಸುಲಭಕ್ಕೆ ಅಡಗುವುದಿಲ್ಲ.

ಒಂದು ವರ್ಷ ಹುಲ್ಲು ಕೊಯ್ಯುವ ಕಾಲದಲ್ಲಿ ಒಬ್ಬ ರೈತ ಚಿಗರಿಯ ಮರಿಯೊಂದನ್ನು ತಂದ. ಚಿಗರಿ ಎಂದರೆ ಬಯಲಿನ ಜಿಂಕೆ. ಅದರ ತಾಯಿಯನ್ನು ನಾಯಿಗಳು ಕೊಂದಿದ್ದವು. ಮರಿ ಹುಲ್ಲಿನಲ್ಲಿ ಅಡಗಿ ಕೂತಿತ್ತು. ಅಡಗಿ ಕೂತ ಮರಿ ಕುಡುಗೋಲು ಮೈಮೇಲೆ ಬಂದರೂ ಏಳುವುದಿಲ್ಲ. ಹಾಗಾಗಿ ರೈತನ ಕುಡುಗೋಲು ಅದರ ಮುಂಗಾಲನ್ನು ಮೂಳೆ ಕಾಣುವಷ್ಟು ಸೀಳಿತ್ತು.

ಕಂಬಳಿಯವ ಕಾಲು ಕಟ್ಟಿದ. ಮರಿ ಹಾಲು ಕುಡಿಯಲಿಲ್ಲ. ಬಟ್ಟಲು ಒಡ್ಡಿದರೆ ಕುಡಿಯಲಿಲ್ಲ, ಬೆರಳು ಅದ್ದಿ ಕೊಟ್ಟರೆ ಕುಡಿಯಲಿಲ್ಲ. ಮೂರನೆಯ ದಿನ ಅದರ ಕತ್ತು ಜೋತುಬಿತ್ತು. ಆಗ ಅವನು ಉಣ್ಣೆಯ ಒಂದು ಎಳೆಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟ. ಮರಿ ಚೀಪಿತು. ಇನ್ನೊಂದು ಎಳೆ ಇಟ್ಟ. ಅದನ್ನೂ ಚೀಪಿತು.

ಹಾಗೆ ಎಳೆ ಎಳೆಯಾಗಿ ಅದು ಬದುಕಿಕೊಂಡಿತು. ಆಮೇಲೆ ಬಟ್ಟಲಿನಿಂದ ಕುಡಿಯಲು ಕಲಿತರೂ ಆ ರೂಢಿ ಬಿಡಲಿಲ್ಲ. ಅವನು ಹೊದ್ದ ಕಂಬಳಿಯ ಮೂಲೆಯನ್ನು ಬಾಯಲ್ಲಿ ಇಟ್ಟುಕೊಂಡರೇನೇ ಅದಕ್ಕೆ ನಿದ್ದೆ. ಚಳಿಗಾಲವಿಡೀ ಅವನು ನೇಯುತ್ತಿದ್ದರೆ ಅದು ಅವನ ಕಂಬಳಿಯೊಳಗೆ ಮುಖ ತೂರಿಸಿ ಮಲಗಿರುತ್ತಿತ್ತು. ಗಾಯ ಮಾಯಿತು. ಮುಂಗಾಲಿನ ಮೇಲೆ ಗಾಯವಿದ್ದಲ್ಲಿ ಬಿಳಿ ಕೂದಲಿನ ಒಂದು ಗೆರೆ ಉಳಿಯಿತು.

ಬೇಸಿಗೆ ಬಂತು. ಮುದುಕಿ ಬಂದು ಮರಿಯ ಕಾಲನ್ನು ಹಿಡಿದು ನೋಡಿ, ಕಟ್ಟಳೆಯ ದಿನ ಬಂತು, ಶುರು ಮಾಡು ಎಂದು ಹೇಳಿ ಹೋದಳು.

ಮರುದಿನ ಅವನು ಹುಣಸೆ ಬರಲು ತಂದು ನಿಂತ. ಮರಿ ನೆಗೆದು ಬಂದು ಅವನ ಹೆಗಲಿನಿಂದ ಇಳಿಬಿದ್ದ ಕಂಬಳಿಯ ಮೂಲೆಯನ್ನು ಚೀಪತೊಡಗಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಎರಡನೆಯ ದಿನವೂ ಅಷ್ಟೇ ಆಯಿತು. ಮೂರನೆಯ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಅವನು ದಡ್ಡನಾಗಿದ್ದರೆ ಆ ಮರಿ ಬದುಕುತ್ತಿತ್ತು.

ಪಕ್ಕದ ಮನೆಯ ರೈತನಿಂದ ಬೆವರು ಹತ್ತಿದ ಹಳೆಯ ಅಂಗಿ, ಧೋತರ, ರುಮಾಲು ಕೇಳಿ ತಂದ. ಮೈಗೆಲ್ಲ ಬೂದಿ ಬಳಿದುಕೊಂಡ, ತನ್ನ ವಾಸನೆ ಬರಬಾರದೆಂದು. ಆ ಬಟ್ಟೆ ತೊಟ್ಟು, ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡು, ಹಿತ್ತಿಲಿನಿಂದ ಬಂದು ಮರಿಯನ್ನು ಹೊಡೆದ. ಮರಿ ಚೀರಿತು. ದನಿಯ ಗುರುತು ಸಿಕ್ಕೀತೆಂದು ಅವನು ನಾಲಗೆ ಕಚ್ಚಿಕೊಂಡು ಹೊಡೆದ. ಆಮೇಲೆ ಹಿತ್ತಿಲಿಗೆ ಹೋಗಿ ಆ ಬಟ್ಟೆ ಬಿಚ್ಚಿ, ಮೈ ತೊಳೆದು, ತನ್ನ ಕಂಬಳಿ ಹೊದ್ದುಕೊಂಡು ಮುಂಬಾಗಿಲಿನಿಂದ ಬಂದ. ಮರಿ ಓಡಿ ಬಂದು ಕಂಬಳಿಯೊಳಗೆ ಮುಖ ಹುದುಗಿಸಿ ಗಡಗಡ ನಡುಗಿತು. ಹೊಡೆದ ಕೈಯಿಂದಲೇ ಅವನು ಅದರ ಬೆನ್ನು ಸವರಿದ.

ಅವನಿಗೆ ಸುಖವಾಯಿತು. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ಲೋಕವೆಲ್ಲ ಕೆಟ್ಟದ್ದು, ನಾನೊಬ್ಬನೇ ನಿನ್ನವನು ಎಂದು ಮತ್ತೊಂದು ಜೀವಕ್ಕೆ ಅನಿಸುವಂತೆ ಮಾಡುವುದರಲ್ಲಿ ಒಂದು ಸುಖವಿದೆ.

ಒಂದು ತಿಂಗಳು ಹೀಗೆ ನಡೆಯಿತು. ಊರಲ್ಲಿ ಬೆಂಕಿಯಂಥ ಬಿಸಿಲು. ಎಲ್ಲರೂ ಕಂಬಳಿ ಮಡಿಸಿ ಅಟ್ಟಕ್ಕೆ ಹಾಕಿದ್ದರು. ಮೈಮೇಲೆ ಕಂಬಳಿ ಇದ್ದವನು ಇಡೀ ಸೀಮೆಗೆ ಅವನೊಬ್ಬನೇ. ಮರಿ ಬಿಳಿ ಧೋತರವನ್ನು ಹೊಲದಾಚೆ ಕಂಡರೂ ಕಿವಿ ನಿಮಿರಿಸಿ ಒಂದಾಳೆತ್ತರ ಹಾರಿ ಓಡುತ್ತಿತ್ತು. ಕಂಬಳಿ ಕಂಡರೆ ಮಾತ್ರ ನಿಲ್ಲುತ್ತಿತ್ತು.

ಮುದುಕಿ ಮತ್ತೆ ಬಂದಳು. ಮರಿ ಅವಳನ್ನು ಕಂಡು ಹಾರಿ ಓಡಿತು. ಅವಳಿಗೆ ಸಮಾಧಾನವಾಯಿತು. ಆಮೇಲೆ ಅವನ ಕಡೆ ನೋಡಿದಳು.

"ನೀನ ಹೊಡದಿ?"

"ನಾನ ಹೊಡದೆ," ಎಂದ. ಸುಳ್ಳಲ್ಲವಲ್ಲ.

"ಮತ್ತ ಈ ಬಿಸಿಲಾಗ ಕಂಬಳಿ ಯಾಕೋ?"

"ಚಳಿಜ್ವರ ಬಂದಾವ ಆಯಿ."

ಮುದುಕಿ ಅವನ ಹಣೆ ಮುಟ್ಟಿ ನೋಡಲಿಲ್ಲ. ಶಿಷ್ಯನ ಮೇಲೆ ನಂಬಿಕೆ ಇತ್ತು. ಕಷಾಯ ಮಾಡಿಕೊಂಡು ಕುಡಿ ಎಂದು ಹೇಳಿ ಹೋದಳು.

ಮೊದಲ ಮಳೆ ಬಿದ್ದು ಬಯಲು ಹಸಿರಾದಾಗ ಅವನು ಮರಿಯನ್ನು ಕರೆದುಕೊಂಡು ಹೊರಟ. ಆಗ ಅದು ಮರಿಯಾಗಿರಲಿಲ್ಲ, ಮೈ ತುಂಬಿಕೊಂಡ ಹೆಣ್ಣು ಚಿಗರಿ. ದೂರದಲ್ಲಿ ಚಿಗರಿಗಳ ಹಿಂಡು ಮೇಯುತ್ತಿತ್ತು. ಅದು ಹಿಂಡನ್ನು ಕಂಡಿತು, ಮೂಗು ಅರಳಿಸಿತು, ನಡೆಯಿತು, ಆಮೇಲೆ ಓಡಿತು. ಅರ್ಧ ದಾರಿಯಲ್ಲಿ ನಿಂತಿತು. ತಿರುಗಿ ನೋಡಿತು.

ಕಂಬಳಿ ಹೊದ್ದು ಮಳೆಯಲ್ಲಿ ನಿಂತಿದ್ದ ಅವನನ್ನು ಅದು ಬಹಳ ಹೊತ್ತು ನೋಡಿತು. ಅವನು ಅತ್ತ. ಅಷ್ಟು ವರ್ಷದ ದುಡಿತಕ್ಕೆ ಆ ಒಂದು ನೋಟ ಸಾಕೆನಿಸಿತು. ಮನೆಗೆ ಬಂದವನೇ ರೈತನ ಅಂಗಿ ಧೋತರ ಒಗೆದು ಹಿಂದಿರುಗಿಸಿದ. ಕಟ್ಟಳೆಗಿಂತ ತನ್ನ ಬುದ್ಧಿ ದೊಡ್ಡದು ಎಂದು ಯಾರಿಗೂ ಹೇಳಲಿಲ್ಲ, ಒಳಗೊಳಗೇ ಬೀಗಿದ.

ಮಳೆಗಾಲ ಕಳೆಯಿತು. ಬಯಲಿನ ಕಡೆ ಹೋದವರು ಯಾರಾದರೂ ಹಿಂಡಿನಲ್ಲಿ ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುವ ಚಿಗರಿ ಇದೆ, ಮನುಷ್ಯರ ನೆರಳು ಕಂಡರೆ ಎಲ್ಲಕ್ಕಿಂತ ಮೊದಲು ಹಾರುವುದು ಅದೇ ಎಂದು ಹೇಳಿದರೆ ಅವನು ನೇಯುತ್ತಲೇ ನಗುತ್ತಿದ್ದ.

ಆಮೇಲೆ ಚಳಿ ಬಂತು. ಚಳಿಯಿಂದಲೇ ಹೊಟ್ಟೆ ಹೊರೆಯುವ ಮನುಷ್ಯ, ಬೇಸಿಗೆಯಲ್ಲಿ ಪಾಠ ಹೇಳುವಾಗ ಚಳಿ ಬರುತ್ತದೆ ಎಂಬುದನ್ನೇ ಮರೆತಿದ್ದ. ಚಳಿ ಬಂದ ಮೇಲೂ ಅವನಿಗೆ ನೆನಪಾಗಲಿಲ್ಲ. ಕಂಬಳಿ ಕೇಳುವವರು ಸಾಲುಗಟ್ಟಿ ನಿಂತಿದ್ದರು. ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಒಂದು ದಿನ ಬೆಳಗ್ಗೆ ಒಬ್ಬ ಬೇಟೆಗಾರ ಬಾಗಿಲಿಗೆ ಬಂದ. ಹಳೆಯ ಗಿರಾಕಿ. ಕಂಕುಳಲ್ಲಿ ಒಂದು ಕಂಬಳಿ ಸುರುಳಿ ಇತ್ತು. ಮುಖದಲ್ಲಿ ನಗು ಇತ್ತು.

"ಯಜಮಾನ, ಇನ್ನೊಂದು ಕಂಬಳಿ ನೇದು ಕೊಡು. ಇದಕ್ಕ ರಗತ ಹತ್ತೇತಿ, ಒಗದ್ರೂ ಹೋಗವಲ್ದು. ಆದ್ರ ನಿನ್ನ ಕೈಗುಣಕ್ಕ ಶರಣು ನೋಡಪಾ."

"ಯಾಕ? ಏನಾತು?"

"ನಸುಕಿನ್ಯಾಗ ನಾಕ ಮಂದಿ ಹೋಗಿದ್ವಿ. ಮೂರು ಮಂದಿ ಧೋತರದವ್ರು ಹಗ್ಗದ ಬಲಿ ಹಿಡಕೊಂಡು ಆ ಕಡೆ, ನಾ ಒಬ್ಬಾಂವ ಚಳೀಗೆ ಕಂಬಳಿ ಹೊತ್ಕೊಂಡು ಈ ಕಡೆ ಕುಂತಿದ್ದೆ. ಅವ್ರನ್ನ ಕಂಡು ಹಿಂಡು ಹಾರಿ ಓಡ್ತು. ಒಂದು ಹೆಣ್ಣು ಚಿಗರಿ ಮಾತ್ರ ನನ್ನ ನೋಡಿ ನಿಂತಿತು. ನಿಂತು, ನಡಕೊಂತ ನನ್ನ ಕಡೇನ ಬಂತಪಾ! ಬಂದು ಕಂಬಳ್ಯಾಗ ಮಕಾ ತೂರಿಸ್ತು, ಮೂಲಿ ಹಿಡದು ಚೀಪಾಕ ಹತ್ತಿತು. ಬಲಿ ಬ್ಯಾಡ, ಕಲ್ಲು ಬ್ಯಾಡ. ಕುಂತಲ್ಲೇ ಕುತಿಗಿ ಕೊಯ್ದೆ. ಅದು ಒದ್ದಾಡಲೂ ಇಲ್ಲ."

ಕಂಬಳಿಯವನ ಕೈಯಲ್ಲಿದ್ದ ಲಾಳಿ ಕೆಳಗೆ ಬಿತ್ತು.

"ಮುಂಗಾಲ ಮ್ಯಾಲ ಬಿಳೀ ಗೆರಿ ಇತ್ತೇನು?" ಎಂದು ಕೇಳಿದ. ಆ ದನಿ ಅವನಿಗೇ ಗುರುತು ಸಿಗಲಿಲ್ಲ.

"ಇತ್ತು. ನಿನಗ ಹ್ಯಾಂಗ ಗೊತ್ತು?"

ಅವನು ಬೇಟೆಗಾರನ ಕಂಕುಳಿನಿಂದ ಕಂಬಳಿ ತೆಗೆದುಕೊಂಡು ಬಿಡಿಸಿ ನೋಡಿದ. ತಾನೇ ನೇಯ್ದದ್ದು. ಒಂದು ಮೂಲೆಯ ಎಳೆಗಳು ಚೀಪಿ ಚೀಪಿ ಮೆತ್ತಗಾಗಿ ಜೋಲುತ್ತಿದ್ದವು.

ಅದನ್ನು ಎದೆಗೆ ಒತ್ತಿಕೊಂಡು ಅವನು ಬೀದಿಗೆ ಇಳಿದ. ಮೈ ಕೊರೆಯುವ ಚಳಿ. ಚಕ್ಕಡಿ ಹೊಡೆಯುವವನು ಕಂಬಳಿ ಹೊದ್ದಿದ್ದ. ಬೆಂಕಿ ಕಾಯಿಸುವವರು ಕಂಬಳಿ ಹೊದ್ದಿದ್ದರು. ಹೊಲ ಕಾಯುವವನು, ಕುರಿ ಕಾಯುವವನು, ಕಟ್ಟೆಯ ಮೇಲೆ ಕೆಮ್ಮುತ್ತ ಕೂತವನು, ಎಲ್ಲರ ಮೈಮೇಲೂ ಅವನೇ ಇದ್ದ. ಆ ಜೀವ ಬಯಲಿನಲ್ಲಿ ಯಾವ ಕಡೆ ನೋಡಿದರೂ ತಾಯಿಯನ್ನೇ ಕಂಡಿರಬೇಕು.

ಅವನು ಮುದುಕಿಯ ಬಳಿಗೆ ಹೋಗಿ ಬಿದ್ದ. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವಳ ಮೈಮೇಲೆ ಇದ್ದದ್ದೂ ಅವನದೇ ಕಂಬಳಿ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತೋ ಏನೋ.

"ಅದು ನಿನ್ನ ಬೈಕೋಬಾರದು ಅಂತ ಇಷ್ಟೆಲ್ಲಾ ಮಾಡಿದಿ," ಎಂದಳು. "ಹೊಡದಾಂವ ಯಾರೋ ಬ್ಯಾರೇದಾಂವ ಅಂತ ತಿಳಕೊಂಡಿತ್ತು. ಕೊಂದಾಂವ ನೀನ ಅಂತ ತಿಳಕೊಂಡು ಸತ್ತೈತಿ."

ಅವನು ಎದ್ದು ಮನೆಗೆ ಬಂದ. ಆ ಕಂಬಳಿಯನ್ನು ಬಯಲಿನಲ್ಲಿ ಹೂಳಿದ. ಹೂಳಿ ಏನು ಬಂತು? ಊರಿನ ಕಂಬಳಿಗಳನ್ನೆಲ್ಲ ಹೂಳಲಾಗುತ್ತದೆಯೇ? ಮಗ್ಗದ ಕುಣಿಗೆ ಮಣ್ಣು ಮುಚ್ಚಿದ. ಬಾಗಿಲು ಹಾಕಿಕೊಂಡ.

ಕೆಲವು ದಿನಗಳ ಮೇಲೆ ಯಾರೋ ಉರುಲಿಗೆ ಸಿಕ್ಕ ಮೊಲವೊಂದನ್ನು ತಂದು ಬಾಗಿಲು ತಟ್ಟಿದರು. ಅವನು ತೆರೆಯಲಿಲ್ಲ. ಅವರು ಅದನ್ನು ಹೊಸ್ತಿಲ ಮೇಲೆ ಇಟ್ಟು, ಇಂದಲ್ಲ ನಾಳೆ ತೆರೆದಾನು ಎಂದು ಹೋದರು. ಮೊಲದ ಕಾಲು ಮುರಿದಿತ್ತು, ಅಷ್ಟೇ. ಒಂದು ಬಿದಿರ ಸೀಳು, ನಾಲ್ಕು ಸುತ್ತು ನೂಲು ಸಾಕಾಗುತ್ತಿತ್ತು. ಒಳಗೆ ಕೂತು ಅವನು ಅದು ಕಾಲು ಕೆರೆಯುವ ಸದ್ದು ಕೇಳಿದ. ಎರಡು ದಿನ ಕೇಳಿದ. ಮೂರನೆಯ ದಿನ ಸದ್ದು ನಿಂತಿತು. ಆಮೇಲೆ ಯಾರೂ ಏನನ್ನೂ ತರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಆದರೆ ಕಲ್ಲು ಆರಿಸಲಿಲ್ಲ.

ಅಡವಯ್ಯನ ಕಣ್ಣಲ್ಲಿ ನೀರು ಬಂದಿತ್ತು. ಚಿಗರಿಗಾಗಿ ಬಂದ ನೀರು ಅದು. ಆಮೇಲೆ ನಿಧಾನವಾಗಿ ಅವನಿಗೆ ಬೇರೆ ಏನೋ ತಿಳಿಯುತ್ತ ಬಂತು. ಮುಟ್ಟದೆ ಬಿಟ್ಟ ನೀರು, ಪಂಕ್ತಿಯ ಬೈಗುಳ, ಹಿಂದಕ್ಕೆ ಎಳೆದುಕೊಂಡ ಕಾಲು, ಮೂರು ತಿಂಗಳ ಒಂದೊಂದು ಪೆಟ್ಟೂ ನೆನಪಾಯಿತು. ನಾಳೆ ತಾನು ಹೋಗುವ ಮಠದಲ್ಲಿ ಕಾವಿ ಉಟ್ಟವರು ನೂರು ಮಂದಿ ಎಂಬುದೂ ನೆನಪಾಯಿತು. ಅವನ ಮುಖ ಅರಳಿತು.

"ಹಾಗಾದರೆ ತಮಗೆ ನನ್ನ ಮೇಲೆ ಸಿಟ್ಟಿರಲಿಲ್ಲ!" ಎಂದ. "ಹೊಡೆದದ್ದೆಲ್ಲ ನನ್ನ ಒಳ್ಳೆಯದಕ್ಕೇ! ನನಗೆ ಗೊತ್ತಿತ್ತು ಗುರುಗಳೇ, ತಾವು ಅಂಥವರಲ್ಲವೆಂದು ನನ್ನ ಮನಸ್ಸಿಗೆ ಗೊತ್ತಿತ್ತು!"

ಹಾಗೆನ್ನುತ್ತ ಮುಂದಕ್ಕೆ ಬಾಗಿ, ಅವರ ಕಾವಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಅದರಲ್ಲಿ ಮುಖ ಹುದುಗಿಸಿದ.

ಗುರುಗಳು ಈ ಸಲ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಮ್ಮ ಬಟ್ಟೆಯಲ್ಲಿ ಹುದುಗಿದ ಆ ತಲೆಯನ್ನು ನೋಡುತ್ತ ಕೂತರು. ಅವರ ಕೈ ಅದರ ಮೇಲೆ ಇಳಿಯಲು ಹೋಗಿ ನಡುವೆಯೇ ನಿಂತಿತು.

"ಮೂರು ತಿಂಗಳು ಹೊಡೆದೆ ಅಡವಯ್ಯ; ಇಂದು ಈ ಕತೆ ಹೇಳಿ ನಾನೂ ಕಂಬಳಿ ಹೊದ್ದುಬಿಟ್ಟೆ."

ಅಡವಯ್ಯ ಕಾವಿಯ ಅಂಚನ್ನು ಬಿಡಲಿಲ್ಲ.